ಪಿಕ್ ಅಂಡ್ ಪ್ಲೇಸ್ ಯಂತ್ರದ ನಿಜವಾದ ವೇಗ ಎಷ್ಟು?

ಮೊಬೈಲ್ ಫೋನಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಸಾಸಿವೆಗಿಂತ ಚಿಕ್ಕದಾದ ನೂರಾರು ರೋಧಕ, ಧಾರಕಗಳಿರುತ್ತವೆ. ಅವುಗಳನ್ನು ಜೋಡಿಸುವುದು 'ಪಿಕ್ ಅಂಡ್ ಪ್ಲೇಸ್' ಯಂತ್ರ. ಇದರ ತಲೆಯಲ್ಲಿರುವ ನಳಿಕೆಯು ನಿರ್ವಾತದ ನೆರವಿನಿಂದ ಬಿಡಿಭಾಗವನ್ನು ಎತ್ತುತ್ತದೆ. ಕ್ಯಾಮೆರಾ ಅಥವಾ ಲೇಸರ್ ಅದರ ಸ್ಥಾನವನ್ನು ಅಳೆಯುತ್ತದೆ. ಬಳಿಕ ತಲೆಯು ಬೋರ್ಡಿನತ್ತ ಚಲಿಸಿ, ಬೆಸುಗೆ ಪೇಸ್ಟಿನ ಮೇಲೆ ಅದನ್ನು ಇರಿಸುತ್ತದೆ.

ಯಂತ್ರದ ವೇಗವನ್ನು 'ಗಂಟೆಗೆ ಇಷ್ಟು ಬಿಡಿಭಾಗ' ಎಂದು ಸೂಚಿಸುವುದು ರೂಢಿ. ಆದರೆ ತಯಾರಕರು ಕೊಡುವ ಗರಿಷ್ಠ ಸಂಖ್ಯೆಯು ಅತ್ಯಂತ ಅನುಕೂಲ ಸ್ಥಿತಿಯದು: ಚಿಕ್ಕ ಬಿಡಿಭಾಗ, ಕಡಿಮೆ ದೂರ, ನಳಿಕೆಯ ಬದಲಾವಣೆ ಇಲ್ಲ. ಯಂತ್ರಗಳನ್ನು ಒಂದೇ ಬಗೆಯಲ್ಲಿ ಪರೀಕ್ಷಿಸಲೆಂದು 2002ರಲ್ಲಿ ಐಪಿಸಿ-9850 ಎಂಬ ಮಾನಕ ಬಂದಿತು. ಜೂಕಿ ಕೆಇ-2070 ಯಂತ್ರದ ಗರಿಷ್ಠ ವೇಗ ಗಂಟೆಗೆ 23,300. ಈ ಮಾನಕದಂತೆ 18,300 ಮಾತ್ರ.

ದೂರ ಏಕೆ ಮುಖ್ಯ? ತಲೆಯು ನಿಂತಲ್ಲಿಂದ ಹೊರಟು ಮತ್ತೆ ನಿಲ್ಲಬೇಕು. ಅರ್ಧ ದಾರಿ ವೇಗೋತ್ಕರ್ಷ, ಉಳಿದರ್ಧ ಅಷ್ಟೇ ವೇಗಾಪಕರ್ಷ ಎಂದುಕೊಂಡರೆ, ಕಾಲ t = 2√(d/a). a = 10 ಮೀ/ಸೆ² ಆದಾಗ 100 ಮಿ.ಮೀ. ಸಾಗಲು 0.2 ಸೆಕೆಂಡು, 25 ಮಿ.ಮೀ.ಗೆ 0.1 ಸೆಕೆಂಡು ಬೇಕು. ದೂರ ಕಾಲುಭಾಗಕ್ಕಿಳಿದರೂ ಕಾಲ ಅರ್ಧಕ್ಕಷ್ಟೇ ಇಳಿಯುತ್ತದೆ! ಆದ್ದರಿಂದಲೇ ಒಂದು ತಲೆಗೆ ಹಲವು ನಳಿಕೆಗಳನ್ನು ಜೋಡಿಸಿ, ಒಂದೇ ಪಯಣದಲ್ಲಿ ಹಲವು ಬಿಡಿಭಾಗಗಳನ್ನು ಒಯ್ಯುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ಬೋರ್ಡೊಂದಕ್ಕೆ 120 ಬಿಡಿಭಾಗಗಳಿರಲಿ. ಯಂತ್ರದ ಘೋಷಿತ ವೇಗ ಗಂಟೆಗೆ 24,000, ಅಂದರೆ ಒಂದಕ್ಕೆ 0.15 ಸೆಕೆಂಡು. ಹೀಗಾದರೆ ಕೆಲಸ 18 ಸೆಕೆಂಡಿನಲ್ಲಿ ಮುಗಿಯಬೇಕು. ವಾಸ್ತವದಲ್ಲಿ 100 ಚಿಕ್ಕ ಭಾಗಗಳಿಗೆ ತಲಾ 0.2ರಂತೆ 20 ಸೆಕೆಂಡು, 20 ಐಸಿಗಳಿಗೆ ತಲಾ 0.75ರಂತೆ 15 ಸೆಕೆಂಡು, ಬೋರ್ಡನ್ನು ಒಳತಂದು, ಗುರುತು ನೋಡಿ, ಹೊರಕಳಿಸಲು 5 ಸೆಕೆಂಡು ತಗುಲಿತೆನ್ನೋಣ. ಒಟ್ಟು 40 ಸೆಕೆಂಡು. ನಿಜವೇಗ ಗಂಟೆಗೆ 10,800!

ಚಿಕ್ಕ ಭಾಗಗಳ ವೇಗವನ್ನು ಇಮ್ಮಡಿಗೊಳಿಸಿದರೂ ಉಳಿಯುವುದು 10 ಸೆಕೆಂಡು ಮಾತ್ರ. ವೇಗ 14,400ಕ್ಕೆ ಏರುತ್ತದೆಯೇ ಹೊರತು ಇಮ್ಮಡಿಯಾಗದು. ಪೇಸ್ಟ್ ಮುದ್ರಿಸುವ ಯಂತ್ರಕ್ಕೆ ಬೋರ್ಡೊಂದಕ್ಕೆ 40 ಸೆಕೆಂಡು ಬೇಕಿದ್ದರೆ ಆ ಲಾಭವೂ ಇಲ್ಲ. ಸಾಲಿನಲ್ಲಿ ಅತಿ ನಿಧಾನವಾದುದೇ ಇಡೀ ಸಾಲಿನ ವೇಗವನ್ನು ನಿರ್ಧರಿಸುತ್ತದೆ.

ಸಾಲ ಮಾಡಿ ಯಂತ್ರ ಕೊಳ್ಳುವ ಸಣ್ಣ ಉದ್ಯಮಿಗೆ ಈ ವ್ಯತ್ಯಾಸ ಅಳಿವು ಉಳಿವಿನ ಪ್ರಶ್ನೆ. ತನ್ನದೇ ಬೋರ್ಡುಗಳನ್ನು ಎರಡೂ ಯಂತ್ರಗಳಲ್ಲಿ ಒಂದು ಗಂಟೆ ಓಡಿಸಿ, ದೋಷವಿಲ್ಲದೆ ಹೊರಬಂದವುಗಳನ್ನು ಎಣಿಸುವುದೇ ಸರಿಯಾದ ಹೋಲಿಕೆ. ರೀಲು ಬದಲಿಸಲು, ತಪ್ಪಿದ ಭಾಗವನ್ನು ಮತ್ತೆ ಎತ್ತಲು ಹಿಡಿದ ಸಮಯವೂ ಅದರಲ್ಲಿ ಸೇರಿರಬೇಕು.