ಹಡಗು ಒಂದೇ ದಿನ ನಿಂತರೆ ಪೆನಾಂಗ್‌ನಲ್ಲಿ ಏನು ತಿನ್ನಬಹುದು, ಏನು ಕೊಳ್ಳಬಹುದು?

ಮಲೇಷ್ಯಾದ ಪೆನಾಂಗ್ ದ್ವೀಪದ ಅನುಕೂಲವೆಂದರೆ, ಹಡಗು ನಿಲ್ಲುವ ಸ್ವೆಟನ್‌ಹ್ಯಾಮ್ ಕಟ್ಟೆ ಜಾರ್ಜ್‌ಟೌನ್‌ ಪಟ್ಟಣಕ್ಕೇ ಅಂಟಿಕೊಂಡಿದೆ. ಇಳಿದೊಡನೆ ಟ್ಯಾಕ್ಸಿ ಹುಡುಕಬೇಕಿಲ್ಲ. ಗಡಿಯಾರ ಗೋಪುರ ದಾಟಿ ನಡೆದರೆ ಲಿಟ್ಲ್ ಇಂಡಿಯಾ. ಮಲ್ಲಿಗೆ ಮಾಲೆ, ಬಾಳೆಎಲೆ ಊಟ, ತಮಿಳು ಹಾಡು. 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಹಳೇ ಪಟ್ಟಣವಿದು.

ತಿನ್ನುವುದಾದರೆ ಮೊದಲು ಚೆಂಡೋಲ್. ತುರಿದ ಮಂಜುಗಡ್ಡೆಯ ಮೇಲೆ ತೆಂಗಿನ ಹಾಲು, ಕರಗಿದ ತಾಳೆಬೆಲ್ಲ, ಅಕ್ಕಿಹಿಟ್ಟಿನ ಹಸಿರು ಎಳೆಗಳು. ಆ ಹಸಿರು, ಆ ಪರಿಮಳ ನಮ್ಮ ಕೇದಗೆಯ ಬಳಗದ ಪಂಡನ್ ಎಲೆಯದು. ಮೊದಲ ಚಮಚಕ್ಕೇ ಕಾಯಿಹಾಲು ಪಾಯಸ ನೆನಪಾಗುತ್ತದೆ. ಬಿಸಿಲಲ್ಲಿ ನಡೆದು ಬಂದವರಿಗೆ ಇದಕ್ಕಿಂತ ಹಿತ ಇನ್ನೊಂದಿಲ್ಲ. ಸಸ್ಯಾಹಾರಿಗಳು ಹುಳಿಹುಳಿಯಾದ ಅಸಮ್ ಲಕ್ಸಾದಿಂದ ದೂರವಿರಿ, ಅದರ ಸಾರೇ ಮೀನಿನದು. ಮಾಂಸಾಹಾರಿಗಳು ಮಾತ್ರ ನಾಸಿ ಕಂಡಾರ್ ಬಿಡಬೇಡಿ: ಅನ್ನದ ಮೇಲೆ ನಾಲ್ಕಾರು ಬಗೆಯ ಸಾರು ಒಂದರೊಳಗೊಂದು ಬೆರೆಯುವಂತೆ ಸುರಿಯುತ್ತಾರೆ, ರುಚಿಯೆಲ್ಲ ಆ ಬೆರಕೆಯಲ್ಲೇ.

ಕೊಳ್ಳಲು ಜಾಯಿಕಾಯಿ. ಈಸ್ಟ್ ಇಂಡಿಯಾ ಕಂಪನಿ ಕಾಲದಿಂದ ಇಲ್ಲಿ ಬೆಳೆಯುತ್ತಾರೆ. ನಾವು ಬೀಜ, ಪತ್ರೆ ಬಳಸುತ್ತೇವೆ. ಇಲ್ಲಿ ಹೊರಗಿನ ದಪ್ಪ ತಿರುಳನ್ನೂ ಸಕ್ಕರೆಯಲ್ಲಿ ಒಣಗಿಸಿ ಮಾರುತ್ತಾರೆ, ಶರಬತ್ತು ಮಾಡುತ್ತಾರೆ. ನೋವಿಗೆ ಹಚ್ಚುವ ಜಾಯಿಕಾಯಿ ಎಣ್ಣೆಯೂ ಸಿಗುತ್ತದೆ, ಮನೆಯ ಹಿರಿಯರಿಗೆ ಒಳ್ಳೆಯ ಉಡುಗೊರೆ.

ಕೈಯಲ್ಲಿ ಸ್ವಲ್ಪ ರಿಂಗಿಟ್ ಚಿಲ್ಲರೆ ಇರಲಿ. ಗಡಿಯಾರವನ್ನು ಹಡಗಿನ ಸಮಯಕ್ಕೇ ಇಟ್ಟುಕೊಳ್ಳಿ. ತಡವಾಗಿ ಬಂದವರಿಗೆ ಹಡಗು ಕಾಯುವುದಿಲ್ಲ.