ಆ ಐವರು ಫಾರ್ವರ್ಡ್‌ಗಳು ಎಲ್ಲಿ ಹೋದರು?

ಫುಟ್‌ಬಾಲ್ ಬಗ್ಗೆ ಬರೆಯುವ ವರದಿಗಾರರು ಕೈಗೆ ಸಿಕ್ಕಿದರೆ ಅಭಿಮಾನಿಗಳು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಒಂದು ಹೆಸರಿನಿಂದ ಆರಂಭವಾಗುತ್ತವೆ. ಇಂಥವನನ್ನು ಯಾಕೆ ಹೊರಗೆ ಕೂರಿಸಿದರು? ಇಂಥವನು ಗೋಲು ಹೊಡೆಯುವುದನ್ನೇ ಮರೆತಿದ್ದಾನಲ್ಲ, ಅವನನ್ನೇ ಯಾಕೆ ಮತ್ತೆ ಮತ್ತೆ ಆಡಿಸುತ್ತಾರೆ? ಬೆಂಗಳೂರಿನಲ್ಲಿ, ಅದರಲ್ಲೂ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಸುತ್ತ, ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವ ಗೌತಮಪುರದ ಬೀದಿಗಳಲ್ಲಿ, ಕೆಲವು ವರ್ಷಗಳಿಂದ ಹೆಚ್ಚಾಗಿ ಕೇಳಿಬರುವ ಪ್ರಶ್ನೆ: ಸುನಿಲ್ ಚೆಟ್ರಿ ನಂತರ ಯಾರು? ವಯಸ್ಸಾದವರಾದರೆ ಇನ್ನೊಂದನ್ನು ಸೇರಿಸುತ್ತಾರೆ. ನಮ್ಮ ಕಾಲದಲ್ಲಿ ಐದು ಜನ ಫಾರ್ವರ್ಡ್‌ಗಳು ಇರುತ್ತಿದ್ದರು, ಈಗ ಒಬ್ಬನೇ ಕಾಣುತ್ತಾನೆ, ಉಳಿದ ನಾಲ್ವರು ಎಲ್ಲಿ ಹೋದರು?

ಮೇಲುನೋಟಕ್ಕೆ ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದು ಆಟಗಾರನ ಬಗ್ಗೆ, ಎರಡನೆಯದು ಆಟದ ವ್ಯೂಹದ ಬಗ್ಗೆ. ಆದರೆ ಎರಡನೆಯದನ್ನು ಬಿಡಿಸಿದರೆ ಮೊದಲನೆಯದರ ಗಂಟೂ ಸಾಕಷ್ಟು ಸಡಿಲವಾಗುತ್ತದೆ.

ಐವರು ಎಂಬುದೂ ಆರಂಭದ ಲೆಕ್ಕವೇನಲ್ಲ. 1872ರಲ್ಲಿ ಗ್ಲಾಸ್ಗೊದಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವೆ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದಾಗ ಇಂಗ್ಲೆಂಡ್ ಏಳೆಂಟು ಮಂದಿಯನ್ನು ಮುಂದೆ ನಿಲ್ಲಿಸಿತ್ತು, ಸ್ಕಾಟ್ಲೆಂಡ್ ಆರು ಮಂದಿಯನ್ನು. ಇಷ್ಟೊಂದು ಮಂದಿ ಗೋಲಿಗಾಗಿ ನುಗ್ಗಿದ ಆ ಪಂದ್ಯದಲ್ಲಿ ಬಿದ್ದ ಗೋಲುಗಳೆಷ್ಟು? ಸೊನ್ನೆ! ಒಬ್ಬ ಚೆಂಡನ್ನು ತಳ್ಳಿಕೊಂಡು ಹೋಗುವುದು, ಉಳಿದವರು ಅವನ ಬೆನ್ನಿಗೆ ಓಡುವುದು, ಇಂಗ್ಲಿಷರಿಗೆ ಆಗ ಆಟವೆಂದರೆ ಇಷ್ಟೇ. ಒಬ್ಬರಿಂದೊಬ್ಬರಿಗೆ ಚೆಂಡು ದಾಟಿಸುವ ಕಲೆಯಲ್ಲಿ ಸ್ಕಾಟ್ಲೆಂಡಿನವರು ಮುಂದಿದ್ದರು. ಆ ಕಲೆ ಹರಡಿದಂತೆ, ಮುಂದೆ ನುಗ್ಗುವವರಷ್ಟೇ ಸಾಲದು, ಹಿಂದಿನಿಂದ ಚೆಂಡು ಒದಗಿಸುವವರೂ ಬೇಕು ಎಂಬುದು ಅರಿವಾಯಿತು. 1880ರ ದಶಕದ ಹೊತ್ತಿಗೆ ಇಬ್ಬರು ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಫಾರ್ವರ್ಡ್ ಎಂಬ 2-3-5ರ ಪಿರಮಿಡ್ ವ್ಯೂಹ ನೆಲೆಯೂರಿತು. ನಮ್ಮ ಹಿರಿಯರು ಬಾಯಿಪಾಠದಂತೆ ಹೇಳುವ ಔಟ್‌ಸೈಡ್ ರೈಟ್, ಇನ್‌ಸೈಡ್ ರೈಟ್, ಸೆಂಟರ್ ಫಾರ್ವರ್ಡ್, ಇನ್‌ಸೈಡ್ ಲೆಫ್ಟ್, ಔಟ್‌ಸೈಡ್ ಲೆಫ್ಟ್ ಎಂಬ ಹೆಸರುಗಳು ಈ ವ್ಯೂಹದವು.

ಭಾರತದಲ್ಲಿ ಈ ಐವರ ಸಾಲು ಕಂಡ ಅತಿ ದೊಡ್ಡ ವೈಭವ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅಲ್ಲಿ ಒಟ್ಟಿಗೆ ಆಡಿದ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್ ಮತ್ತು ಸಾಲೆ ಅವರನ್ನು ಬಂಗಾಳಿಗಳು ‘ಪಂಚಪಾಂಡವರು’ ಎಂದೇ ಕರೆದರು. ಐವರೂ ದಕ್ಷಿಣ ಭಾರತದಿಂದ ಹೋದವರು ಎಂಬುದು ವಿಶೇಷ. ಅವರಲ್ಲಿ ಧನರಾಜ್ ಮತ್ತು ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1937ರಲ್ಲೇ ರೋವರ್ಸ್ ಕಪ್ ಗೆದ್ದು, ಆ ಕಪ್ ಎತ್ತಿದ ಮೊದಲ ಭಾರತೀಯ ತಂಡ ಎನಿಸಿಕೊಂಡಿದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ನೆಲದಲ್ಲಿ ಇಂಥ ಆಟಗಾರರು ಹುಟ್ಟಿದ್ದು ಆಶ್ಚರ್ಯವೇನಲ್ಲ. ಪಂಚಪಾಂಡವರ ಕಾಲದಲ್ಲಿ ಈಸ್ಟ್ ಬೆಂಗಾಲ್ 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದಿತು. ಅಹ್ಮದ್ ಖಾನ್ ಬರಿಗಾಲಲ್ಲಿ ಚೆಂಡನ್ನು ಹಾವಾಡಿಗನಂತೆ ಆಡಿಸುತ್ತಿದ್ದರು ಎಂದು ನೋಡಿದವರು ಹೇಳುತ್ತಿದ್ದರು.

ಆದರೆ ಇಲ್ಲಿ ಪಂಚಪಾಂಡವರು ಮೆರೆಯುತ್ತಿದ್ದ ಹೊತ್ತಿಗೆ ಯುರೋಪಿನಲ್ಲಿ ಅವರ ವ್ಯೂಹಕ್ಕೆ ವಯಸ್ಸಾಗಿತ್ತು. ಅದನ್ನು ಮೊದಲು ಅಲುಗಾಡಿಸಿದ್ದು ಯಾವ ತರಬೇತುದಾರನೂ ಅಲ್ಲ, ಒಂದು ನಿಯಮ. 1925ರವರೆಗೆ ಆಫ್‌ಸೈಡ್ ಆಗದಿರಬೇಕಾದರೆ, ಚೆಂಡು ಬರುವ ಗಳಿಗೆಯಲ್ಲಿ ಫಾರ್ವರ್ಡ್ ಆಟಗಾರನ ಮುಂದೆ ಎದುರಾಳಿಗಳ ಕಡೆಯ ಮೂವರು ಇರಬೇಕಿತ್ತು. ಜಾಣ ಬ್ಯಾಕ್ ಒಬ್ಬ ನಾಲ್ಕು ಹೆಜ್ಜೆ ಮುಂದೆ ಬಂದುಬಿಟ್ಟರೆ ಇಡೀ ದಾಳಿಯೇ ಆಫ್‌ಸೈಡ್. ಆಟ ಜಿಡ್ಡುಗಟ್ಟಿತ್ತು. 1925ರಲ್ಲಿ ಮೂವರನ್ನು ಇಬ್ಬರಿಗೆ ಇಳಿಸಿದರು. ಇಂಗ್ಲೆಂಡಿನ ಪ್ರಥಮ ಡಿವಿಷನ್ ಲೀಗಿನಲ್ಲಿ ಹಿಂದಿನ ಋತುವಿನಲ್ಲಿ 1,192 ಗೋಲುಗಳು ಬಿದ್ದಿದ್ದರೆ, ನಿಯಮ ಬದಲಾದ ಋತುವಿನಲ್ಲಿ 1,703 ಗೋಲುಗಳು ಬಿದ್ದವು. ಅದೇ ಅಕ್ಟೋಬರಿನಲ್ಲಿ ಆರ್ಸೆನಲ್ ತಂಡ ನ್ಯೂಕ್ಯಾಸಲ್‌ನಲ್ಲಿ 7-0ಯಿಂದ ಸೋತಾಗ, ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್ ತನ್ನ ಆಟಗಾರ ಚಾರ್ಲಿ ಬುಕನ್ ಕೊಟ್ಟ ಸಲಹೆಗೆ ಒಪ್ಪಿದರು. ನಡುವಿನ ಹಾಫ್‌ಬ್ಯಾಕ್ ಹಿಂದೆ ಸರಿದು ಮೂರನೆಯ ಬ್ಯಾಕ್ ಆದ. ಅವನು ಬಿಟ್ಟ ಜಾಗ ತುಂಬಲು ಫಾರ್ವರ್ಡ್‌ಗಳಲ್ಲಿ ಇಬ್ಬರು ಇನ್‌ಸೈಡ್ ಆಟಗಾರರು ಕೆಳಗಿಳಿಯಬೇಕಾಯಿತು. ಇಂಗ್ಲಿಷಿನ ಡಬ್ಲ್ಯು ಮತ್ತು ಎಂ ಅಕ್ಷರಗಳನ್ನು ಒಂದರ ಕೆಳಗೊಂದು ಬರೆದಂತೆ ಕಾಣುವ ವ್ಯೂಹ ಇದು. ಹೆಸರಿಗೆ ಫಾರ್ವರ್ಡ್‌ಗಳು ಐವರೇ. ನಿಜವಾಗಿ ಮುಂದೆ ಉಳಿದವರು ಮೂವರು.

ಅಲ್ಲಿಂದ ಮುಂದಿನ ಲೆಕ್ಕ ಕಲಿಸಿದ್ದು ಹಂಗೆರಿ. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೆರಿ 6-3ರಿಂದ ಇಂಗ್ಲೆಂಡನ್ನು ಸೋಲಿಸಿದ ಪಂದ್ಯದ ಬಗ್ಗೆ ಬರೆದಷ್ಟು ಇನ್ನಾವ ಪಂದ್ಯದ ಬಗ್ಗೆ ಬರೆದಿರಲಾರರು. ಆದರೂ ಒಂದು ಮಾತು ಹೇಳಲೇಬೇಕು. ಹಂಗೆರಿಯ 9ನೇ ನಂಬರಿನ ಅಂಗಿ ತೊಟ್ಟ ಹಿಡೆಕುಟಿ ಸೆಂಟರ್ ಫಾರ್ವರ್ಡ್ ನಿಲ್ಲಬೇಕಾದ ಕಡೆ ನಿಲ್ಲಲೇ ಇಲ್ಲ. ಮೈದಾನದ ನಡುವಿಗೆ ಇಳಿದುಬಿಟ್ಟ. ಅವನನ್ನು ಕಾಯಬೇಕಿದ್ದ ಇಂಗ್ಲೆಂಡಿನ ಹ್ಯಾರಿ ಜಾನ್‌ಸ್ಟನ್‌ಗೆ ಇಕ್ಕಟ್ಟು. ಬೆನ್ನು ಹತ್ತಿ ಹೋದರೆ ಹಿಂದೆ ಗೋಲಿನ ಮುಂದೆ ಬಾಗಿಲು ತೆರೆದಂತೆ. ಹೋಗದಿದ್ದರೆ ಹಿಡೆಕುಟಿಗೆ ತಡೆಯುವವರೇ ಇಲ್ಲ. ಹಿಡೆಕುಟಿ ಮೂರು ಗೋಲು ಹೊಡೆದ. ಫಾರ್ವರ್ಡ್ ಎಂದರೆ ಮುಂದೆ ನಿಂತವನು ಎಂಬ ಅರ್ಥವೇ ಅಂದು ಬಿದ್ದುಹೋಯಿತು.

ಅದಕ್ಕೂ ಒಂದು ವರ್ಷ ಮೊದಲು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಭಾರತಕ್ಕೂ ಪಾಠವಾಗಿತ್ತು. ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿತು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಬರಿಗಾಲು, ಚಳಿ ಎಂದು ಕಾರಣಗಳನ್ನು ಎಣಿಸುತ್ತಾರೆ. ನಮ್ಮ ದೇಶದೊಳಗೆ ಪಂದ್ಯಗಳು 90 ನಿಮಿಷಕ್ಕಿಂತ ಕಡಿಮೆ ಹೊತ್ತು ನಡೆಯುತ್ತಿದ್ದುದೂ ನಿಜ. ಆದರೆ ಆಟದ ಕ್ರಮ ಹಳೆಯದಾಗಿತ್ತು ಎಂಬುದೇ ಇವುಗಳಲ್ಲಿ ದೊಡ್ಡ ಕಾರಣವೆಂದು ಈ ಲೇಖಕನಿಗೆ ತೋರುತ್ತದೆ. ತರಬೇತುದಾರ ಹೈದರಾಬಾದಿನ ಎಸ್.ಎ. ರಹೀಂ ಅದನ್ನು ಅರಿತರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿದ್ದು ಅವರ ತಂಡ.

ರಹೀಂ ಅವರ ಕೊನೆಯ ಪವಾಡ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0ಯಿಂದ ಸೋತ ಭಾರತ, ಫೈನಲ್‌ನಲ್ಲಿ ಅದೇ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಒಂದು ಗೋಲು ಪಿ.ಕೆ. ಬ್ಯಾನರ್ಜಿಯದು, ಇನ್ನೊಂದು ಜರ್ನೈಲ್ ಸಿಂಗ್ ಅವರದು. ಜರ್ನೈಲ್ ದೇಶದ ಅತ್ಯುತ್ತಮ ಸ್ಟಾಪರ್, ಅಂದರೆ ಗೋಲು ತಡೆಯುವವರು. ಕೂಟದ ನಡುವೆ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದ ಅವರನ್ನು ರಹೀಂ ಸೆಮಿಫೈನಲ್ ಮತ್ತು ಫೈನಲ್‌ನಲ್ಲಿ ಸೆಂಟರ್ ಫಾರ್ವರ್ಡ್ ಮಾಡಿ ನಿಲ್ಲಿಸಿದರು. ಎರಡರಲ್ಲೂ ಜರ್ನೈಲ್ ಗೋಲು ಹೊಡೆದರು. ಇಂದಿನ ಅಭಿಮಾನಿಗಳು ಆಗ ಇದ್ದಿದ್ದರೆ ಆ ಆಯ್ಕೆಯ ಬಗ್ಗೆ ಎಷ್ಟು ಪ್ರಶ್ನೆ ಕೇಳುತ್ತಿದ್ದರೋ!

ಹೊರಗಿನ ಜಗತ್ತಿನಲ್ಲಿ ಇಳಿಕೆ ನಿಲ್ಲಲಿಲ್ಲ. 1958ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್ 4-2-4 ಆಡಿತು. ಮುಂದೆ ಗರಿಂಚಾ, ವಾವಾ, ಪೆಲೆ, ಜಗಾಲೊ ನಾಲ್ವರು. 1966ರಲ್ಲಿ ಗೆದ್ದ ಇಂಗ್ಲೆಂಡ್ ಬದಿಯ ಆಟಗಾರರನ್ನೇ ಕೈಬಿಟ್ಟು ಇಬ್ಬರಿಗೆ ಇಳಿಯಿತು. ಕೊನೆಗೆ ಉಳಿದದ್ದು ಒಬ್ಬ. 2012ರ ಯುರೋ ಕಪ್ ಫೈನಲ್‌ನಲ್ಲಿ ಸ್ಪೇನ್ ಆ ಒಬ್ಬನನ್ನೂ ಬಿಟ್ಟು, ಮಧ್ಯಮೈದಾನದ ಆಟಗಾರ ಫ್ಯಾಬ್ರೆಗಾಸ್‌ನನ್ನು ಅಲ್ಲಿ ಆಡಿಸಿ ಇಟಲಿಯನ್ನು 4-0ಯಿಂದ ಸೋಲಿಸಿತು.

ಇದನ್ನು ಹೇಡಿತನವೆಂದು ಬೈಯುವವರಿದ್ದಾರೆ. 4-0 ಹೇಡಿಗಳ ಲೆಕ್ಕವಲ್ಲ. ಪಂಕ್ತಿಯಲ್ಲಿ ಐವರು ಎಲೆ ಹಾಕಿಕೊಂಡು ಕೂತು, ಬಡಿಸುವವರು ಇಬ್ಬರೇ ಆದರೆ ಊಟ ಸಾಗುವುದು ಹೇಗೆ? ಎದುರಾಳಿಗಿಂತ ಒಬ್ಬನಾದರೂ ಹೆಚ್ಚಿಗೆ ನಡುವೆ ಇದ್ದರೆ ಚೆಂಡು ನಮ್ಮ ಬಳಿ ಉಳಿಯುತ್ತದೆ. ಮುಂದೆ ಖಾಲಿ ಬಿಟ್ಟ ಜಾಗಕ್ಕೆ ಹಿಂದಿನಿಂದ ಓಡಿಬರುವವನನ್ನು ಕಾಯುವುದು, ಅಲ್ಲೇ ನಿಂತವನನ್ನು ಕಾಯುವುದಕ್ಕಿಂತ ಕಷ್ಟ. ಐವರಲ್ಲಿ ನಾಲ್ವರು ಕಾಣೆಯಾಗಲಿಲ್ಲ, ತಡವಾಗಿ ಬರುವುದನ್ನು ಕಲಿತರು, ಅಷ್ಟೆ.

ಉಳಿದ ಒಬ್ಬನ ಕೆಲಸವೂ ಬದಲಾಯಿತು. 2018ರ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದ ಸೆಂಟರ್ ಫಾರ್ವರ್ಡ್ ಒಲಿವಿಯೆ ಜಿರೂ ಇಡೀ ಕೂಟದಲ್ಲಿ ಒಂದು ಗೋಲೂ ಹೊಡೆಯಲಿಲ್ಲ. ಗೋಲಿನೊಳಗೆ ಹೋಗುವಂಥ ಒಂದು ಹೊಡೆತವೂ ಅವನಿಂದ ಬರಲಿಲ್ಲ. ಅವನನ್ನು ಯಾಕೆ ಆಡಿಸುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಎಂಬಾಪೆ ಮತ್ತು ಗ್ರೀಸ್‌ಮನ್ ಗೋಲುಗಳಲ್ಲಿದೆ. ರಕ್ಷಕರಿಬ್ಬರನ್ನು ಜಿರೂ ತನ್ನ ಮೈಗೆ ಅಂಟಿಸಿಕೊಂಡು ನಿಂತದ್ದರಿಂದಲೇ ಅವರಿಗೆ ಓಡಲು ಬಯಲು ಸಿಕ್ಕಿತು. ಹಾಗೆಂದು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್‌ಗಳ ಕಾಲ ಮುಗಿಯಿತೆಂದೂ ಅಲ್ಲ. 2022-23ರಲ್ಲಿ ಎರ್ಲಿಂಗ್ ಹಾಲಂಡ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 36 ಗೋಲು ಹೊಡೆದ.

ಇನ್ನು ಚೆಟ್ರಿ ನಂತರ ಯಾರು ಎಂಬ ಪ್ರಶ್ನೆ. ಮುಂದೆ ಇಬ್ಬರು ಆಡುತ್ತಿದ್ದ ಕಾಲದಲ್ಲಿ ಭಾರತದ ಕ್ಲಬ್ಬುಗಳು ಒಬ್ಬ ವಿದೇಶೀಯನ ಜೊತೆ ಒಬ್ಬ ಸ್ವದೇಶೀಯನನ್ನು ಇಟ್ಟುಕೊಳ್ಳಬಹುದಿತ್ತು. ಮೋಹನ್ ಬಾಗನ್‌ನಲ್ಲಿ ಬ್ರೆಜಿಲ್‌ನ ಬರೆಟೊ ಜೊತೆ ಭೈಚುಂಗ್ ಭುಟಿಯಾ ಆಡಿದ್ದು ಹಾಗೆ. ಜಾಗ ಒಂದಕ್ಕೆ ಇಳಿದಾಗ, ಗೋಲು ಹೊಡೆಯುವ ಆ ಒಂದು ಜಾಗವನ್ನು ಕ್ಲಬ್ಬುಗಳು ಹೊರಗಿನವರಿಗೇ ಕೊಟ್ಟವು. ಗೆಲ್ಲಬೇಕಾದ ಕ್ಲಬ್ಬಿನ ದೃಷ್ಟಿಯಿಂದ ಇದು ತಪ್ಪೂ ಅಲ್ಲ. ಸ್ವತಃ ಚೆಟ್ರಿಯೇ ಬೆಂಗಳೂರು ಎಫ್‌ಸಿಯಲ್ಲಿ ವೆನೆಜುವೆಲಾದ ಮಿಕು ನಡುವೆ ಇದ್ದಾಗ ಎಡಬದಿಗೆ ಸರಿದು ಆಡಿದರು. ಮನ್ವೀರ್ ಸಿಂಗ್ ಕ್ಲಬ್ಬಿನಲ್ಲಿ ಬಲಬದಿಯಲ್ಲಿ ಆಡಿ, ದೇಶದ ತಂಡಕ್ಕೆ ಬಂದಾಗ ನಡುವೆ ನಿಲ್ಲಬೇಕಾಯಿತು. ವಾರವಾರ ಆಡದ ಜಾಗದಲ್ಲಿ ದೇಶಕ್ಕಾಗಿ ಗೋಲು ಹೊಡೆ ಎಂದರೆ ಹೇಗೆ? ಯುವಕರಲ್ಲಿ ಪ್ರತಿಭೆ ಇಲ್ಲ ಎಂದು ಹೇಳುವ ಮುನ್ನ ಅವರಿಗೆ ನಿಲ್ಲಲು ಜಾಗವಿತ್ತೇ ಎಂದು ನೋಡಬೇಕು.

2021-22ರಲ್ಲಿ ಐಎಸ್‌ಎಲ್‌ನಲ್ಲಿ ಏಕಕಾಲಕ್ಕೆ ಆಡಬಹುದಾದ ವಿದೇಶಿ ಆಟಗಾರರ ಸಂಖ್ಯೆಯನ್ನು ಐದರಿಂದ ನಾಲ್ಕಕ್ಕೆ ಇಳಿಸಿದರು. 2014ರಲ್ಲಿ ಲೀಗ್ ಶುರುವಾದಂದಿನಿಂದ 2024-25ರವರೆಗಿನ ಹನ್ನೊಂದು ಋತುಗಳಲ್ಲಿ ಅತಿ ಹೆಚ್ಚು ಗೋಲಿನ ಚಿನ್ನದ ಬೂಟು ಒಮ್ಮೆಯೂ ಭಾರತೀಯನ ಕೈಗೆ ಬರಲಿಲ್ಲ. ಆ ಹನ್ನೊಂದನೆಯ ಋತುವಿನಲ್ಲಿ ಭಾರತೀಯರ ಪೈಕಿ ಮೊದಲಿಗರಾಗಿ 14 ಗೋಲು ಹೊಡೆದವರು ಚೆಟ್ರಿಯೇ. 2024ರ ಜೂನ್‌ನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದ್ದ ಅವರನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆಸಿಕೊಂಡರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಅವರು ಗೋಲನ್ನೂ ಹೊಡೆದರು. ಆಗ ಅವರಿಗೆ ವಯಸ್ಸು 40.