ಮಲ್ಲಿಗೆ ಎಲೆ ಹಳದಿ ಆಗ್ತಿದ್ಯಾ? ಗೊಬ್ಬರದ ಡಬ್ಬಿ ಮುಟ್ಟೋ ಮೊದಲು ಎಲೆ ನೋಡಿ

ಇದು ಬಾಲ್ಕನಿ ಗಿಡಗಳ ಬಗ್ಗೆ ಮಾಡಿದ ವಿಡಿಯೊದ ಬರಹ ರೂಪ. ವಿಡಿಯೊದಲ್ಲಿ ಎಲೆಗಳನ್ನ ಕೈಯಲ್ಲಿ ಹಿಡಿದು ತೋರಿಸಿದ್ದೆ. ಇಲ್ಲಿ ಮಾತಲ್ಲೇ ತೋರಿಸಬೇಕು, ಹಾಗಾಗಿ ಅಲ್ಲಲ್ಲಿ ಸ್ವಲ್ಪ ವಿವರ ಸೇರಿಸಿದ್ದೇನೆ.

ನನಗೆ ಅತಿ ಹೆಚ್ಚು ಬರೋ ಪ್ರಶ್ನೆ ಇದು: "ಗಿಡದಲ್ಲಿ ಮೊಗ್ಗು ಬಂದಿದೆ, ಆದ್ರೆ ಎಲೆ ಹಳದಿ ಆಗ್ತಿದೆ. ಯಾವ ಗೊಬ್ಬರ ಹಾಕ್ಲಿ?" ನನ್ನ ಉತ್ತರ ಒಂದೇ. ಗೊಬ್ಬರ ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ, ಹಳದಿ ಆಗಿರೋದು ಯಾವ ಎಲೆ? ಹಳೇದಾ, ಹೊಸದಾ? ಇದನ್ನ ಕಲಿಯೋಕೆ ನಾನು ಒಂದು ಗಿಡವನ್ನ ಸಾಯೋ ಹಂತಕ್ಕೆ ತಂದಿದ್ದೆ.

ಉಡುಪಿ ಕಡೆಯ ನಮ್ಮ ಮನೆಯನ್ನ ಮಾರುವಾಗ ಅಮ್ಮ ಬಾವಿಕಟ್ಟೆ ಪಕ್ಕದ ಮಲ್ಲಿಗೆಯಿಂದ ಒಂದು ಟೊಂಗೆ ಬೇರು ಬರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ಮನೆ ಕೊಂಡವರು ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದ್ರು, ತಾಯಿಗಿಡ ಹೋಯ್ತು. ಉಳಿದದ್ದು ಹೈದರಾಬಾದಿನ ಏಳನೇ ಮಹಡಿಯ ಬಾಲ್ಕನಿಯಲ್ಲಿರೋ ಈ ಒಂದು ಕುಂಡ ಮಾತ್ರ. ಎರಡು ವರ್ಷ ಚೆನ್ನಾಗೇ ಇತ್ತು. ಮೂರನೇ ಬೇಸಿಗೆ, ಮೊಗ್ಗು ಕಟ್ಟೋ ಹೊತ್ತಿಗೆ ಸರಿಯಾಗಿ, ತುದಿಯ ಚಿಗುರೆಲ್ಲ ಹಳದಿ.

ನಾನು ಏನ್ ಮಾಡ್ದೆ? ಫೋನಿನಲ್ಲಿ ಸಿಕ್ಕ ಸಲಹೆಗಳನ್ನೆಲ್ಲ ಜಾರಿಗೆ ತಂದೆ. ಮೊದಲ ವಾರ ಡಿಎಪಿ. ಎರಡನೇ ವಾರ ಎಪ್ಸಮ್ ಉಪ್ಪು. ಮೂರನೇ ವಾರ ಕಡಲೆ ಹಿಂಡಿ ನೆನೆಸಿದ ನೀರು. ಎಲೆ ಇನ್ನೂ ಬೆಳ್ಳಗಾಯ್ತು, ಅಂಚು ಸುಟ್ಟ ಹಾಗಾಯ್ತು, ಮೊಗ್ಗು ಉದುರೋಕೆ ಶುರುವಾಯ್ತು. ಆಫೀಸಿನಲ್ಲಿ ಯಾರಾದ್ರೂ ಲಾಗ್ ನೋಡದೆ ಪ್ರೊಡಕ್ಷನ್‌ನಲ್ಲಿ ಮೂರು ಬದಲಾವಣೆ ಮಾಡಿದ್ರೆ ನಾನೇ ಬೈತಿದ್ದೆ. ಮನೆಯಲ್ಲಿ ಅದನ್ನೇ ಮಾಡಿದ್ದೆ.

ಹಳೇ ಎಲೆ, ಹೊಸ ಎಲೆ

ಗಿಡದ ಲಾಗ್ ಅಂದ್ರೆ ಅದರ ಎಲೆ. ಓದೋ ಕ್ರಮ ಸುಲಭ.

ಮನೆಯಲ್ಲಿ ಅಕ್ಕಿ ಕಡಿಮೆಯಾದಾಗ ದೊಡ್ಡೋರು ಒಂದು ತುತ್ತು ಕಡಿಮೆ ಉಂಡು ಮಕ್ಕಳಿಗೆ ಬಡಿಸ್ತಾರೆ. ಗಿಡವೂ ಹಾಗೇ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ, ಈ ನಾಲ್ಕು ಗಿಡದೊಳಗೆ ಓಡಾಡಬಲ್ಲವು. ಕೊರತೆ ಬಂದಾಗ ಗಿಡ ಇವನ್ನ ಹಳೇ ಎಲೆಯಿಂದ ಎಳೆದು ಚಿಗುರಿಗೆ, ಮೊಗ್ಗಿಗೆ ಕೊಡುತ್ತೆ. ಹಾಗಾಗಿ ಈ ಕೊರತೆಗಳು ಮೊದಲು ಕೆಳಗಿನ ಹಳೇ ಎಲೆಯಲ್ಲಿ ಕಾಣಿಸ್ತವೆ.

ಕಬ್ಬಿಣ, ಕ್ಯಾಲ್ಸಿಯಂ ಹಾಗಲ್ಲ. ಒಮ್ಮೆ ಒಂದು ಎಲೆಗೆ ಸೇರಿದ್ರೆ ಅಲ್ಲೇ ಕೂತುಬಿಡ್ತವೆ. ಬೇರಿನಿಂದ ಹೊಸದಾಗಿ ಬರದೇ ಇದ್ರೆ ಹೊಸ ಚಿಗುರಿಗೆ ಸಿಗೋದೇ ಇಲ್ಲ. ಇವುಗಳ ಕೊರತೆ ಕಾಣೋದು ತುದಿಯಲ್ಲಿ.

ಈಗ ಬಣ್ಣದ ನಮೂನೆ ನೋಡಿ.

ಹಳೇ ಎಲೆ, ನರ ಸಮೇತ ಇಡೀ ಎಲೆ ಒಂದೇ ಸಮ ಹಳದಿ: ಸಾರಜನಕ ಕಮ್ಮಿ.
ಹಳೇ ಎಲೆ, ನರ ಹಸಿರು, ನಡುವೆ ಹಳದಿ: ಮೆಗ್ನೀಸಿಯಂ.
ಹಳೇ ಎಲೆ, ಅಂಚು ಮಾತ್ರ ಹಳದಿಯಾಗಿ ಆಮೇಲೆ ಕಂದು: ಪೊಟ್ಯಾಸಿಯಂ ಇರಬಹುದು, ಕುಂಡದಲ್ಲಿ ಉಪ್ಪು ಸೇರಿರಲೂಬಹುದು.
ಹೊಸ ಎಲೆ, ನರ ಹಸಿರು ಜಾಲದ ಹಾಗೆ, ಉಳಿದದ್ದು ಹಳದಿ ಅಥವಾ ಬಿಳಿಚು: ಕಬ್ಬಿಣ.
ಹೊಸ ಎಲೆ ಮುರುಟಿಕೊಂಡು ತುದಿ ಸಾಯ್ತಿದ್ರೆ: ಕ್ಯಾಲ್ಸಿಯಂ.

ಹೂ ಬಿಡೋ ಕಾಲದಲ್ಲಿ ಕೆಳಗಿನ ನಾಲ್ಕಾರು ಎಲೆ ಹಣ್ಣಾಗಿ ಉದುರಿದ್ರೆ ಗಾಬರಿ ಬೇಡ. ಗಿಡ ತನ್ನ ಉಳಿತಾಯ ತೆಗೆದು ಖರ್ಚು ಮಾಡ್ತಿದೆ ಅಷ್ಟೆ. ಬಿಸಿಲು ತಾಗದ ಒಳಗಿನ ಎಲೆಗಳೂ ಹಾಗೇ ಉದುರ್ತವೆ. ಹಳದಿ ದಿನದಿಂದ ದಿನಕ್ಕೆ ಮೇಲೆ ಹತ್ತುತ್ತಾ ಇದ್ರೆ ಮಾತ್ರ ಚಿಂತೆ ಮಾಡಿ.

ಕೊರತೆ ಅನ್ನೋ ಮೊದಲು ಎರಡು ಪರೀಕ್ಷೆ

ಒಂದು, ಮಣ್ಣಿಗೆ ಬೆರಳು ಹಾಕಿ. ಎರಡು ಗೆಣ್ಣಷ್ಟು ಆಳದಲ್ಲೂ ಒದ್ದೆಯಿದ್ದು ಗಿಡ ಬಾಡಿದಂತಿದ್ರೆ ನೀರು ಜಾಸ್ತಿಯಾಗಿದೆ. ಬೇರಿಗೂ ಉಸಿರಾಟ ಬೇಕು. ಗಾಳಿ ಇಲ್ಲದ ಕೆಸರಲ್ಲಿ ಬೇರು ಕೊಳೆಯುತ್ತೆ, ಆಮೇಲೆ ಎಷ್ಟು ಗೊಬ್ಬರ ಇದ್ರೂ ಎಳೆದುಕೊಳ್ಳಲ್ಲ. ಕುಂಡದ ತಳದ ತೂತು ಮುಚ್ಚಿದ್ಯಾ ನೋಡಿ.

ಎರಡು, ಎಲೆ ತಿರುಗಿಸಿ. ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಹಳದಿ ಚುಕ್ಕೆಗಳಿದ್ದು, ಕೆಳಗೆ ನವಿರಾದ ಬಲೆ ಇದ್ರೆ ಅದು ನುಸಿ. ಬಿಳಿ ಕಾಗದದ ಮೇಲೆ ಟೊಂಗೆ ತಟ್ಟಿ, ಉದುರಿದ ಚುಕ್ಕೆಗಳು ನಡೆದಾಡಿದ್ರೆ ಖಾತ್ರಿ. ಒಣ ಬೇಸಿಗೆಯಲ್ಲಿ ಇದು ಮಲ್ಲಿಗೆಗೆ ತುಂಬಾ ಕಾಡುತ್ತೆ. ಎಲೆಯಡಿಗೆ ಜೋರಾಗಿ ನೀರು ಹೊಡೆಯಿರಿ, ಬೇಕಿದ್ರೆ ಬೇವಿನೆಣ್ಣೆ ಸಿಂಪಡಿಸಿ, ಅದೂ ಸಂಜೆ ಹೊತ್ತು. ಗೊಬ್ಬರ ಹಾಕಿದ್ರೆ ನುಸಿ ಹೋಗಲ್ಲ.

ನನ್ನ ಗಿಡಕ್ಕೆ ಆಗಿದ್ದೇನು

ನನ್ನ ಗಿಡದಲ್ಲಿ ಮಣ್ಣು ಸರಿಯಾಗಿತ್ತು, ನುಸಿ ಇರಲಿಲ್ಲ. ಹಳದಿ ಇದ್ದದ್ದು ಹೊಸ ಎಲೆಯಲ್ಲಿ, ನರ ಮಾತ್ರ ಹಸಿರು. ಅಂದ್ರೆ ಕಬ್ಬಿಣ. ಸಾರಜನಕವೂ ಅಲ್ಲ, ಮೆಗ್ನೀಸಿಯಂ ಕೂಡ ಅಲ್ಲ. ನಾನು ಕೊಟ್ಟ ಒಂದು ಔಷಧವೂ ಆ ಕಾಯಿಲೆಯದ್ದಲ್ಲ.

ಆದ್ರೆ ಕುಂಡದಲ್ಲಿ ಇದ್ದದ್ದು ಕೆಂಪು ಮಣ್ಣು. ಮಣ್ಣಿನ ಆ ಕೆಂಪೇ ಕಬ್ಬಿಣದ್ದು. ಮತ್ತೆ ಕೊರತೆ ಹೇಗೆ? ಬ್ಯಾಂಕಲ್ಲಿ ದುಡ್ಡಿದೆ, ಎಟಿಎಂ ಕೆಟ್ಟಿದೆ, ಅಂಥ ಸ್ಥಿತಿ. ಮಣ್ಣಿನ ಪಿಎಚ್ 7 ದಾಟಿ ಕ್ಷಾರದ ಕಡೆಗೆ ಹೋದಂತೆ ಕಬ್ಬಿಣ ನೀರಲ್ಲಿ ಕರಗೋದು ಕಮ್ಮಿಯಾಗುತ್ತೆ. ಕರಗದಿದ್ರೆ ಬೇರಿಗೆ ಸಿಗಲ್ಲ.

ಪಿಎಚ್ ಏರಿಸಿದ್ದು ಯಾರು? ನಾನೇ. ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಟ್ಯಾಂಕರ್ ನೀರು. ಅದನ್ನ ಆರ್‌ಒ ಫಿಲ್ಟರ್ ಮಾಡಿ, ಅದು ಹೊರಹಾಕೋ ನೀರನ್ನ ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕ್ತಿದ್ದೆ. ನೀರು ಉಳಿಸ್ತಿದ್ದೀನಿ ಅಂತ ಹೆಮ್ಮೆ ಬೇರೆ. ಟಿಡಿಎಸ್ ಪೆನ್ನು ಅದ್ದಿ ನೋಡಿದೆ. ಟ್ಯಾಂಕರ್ ನೀರು 900 ಆಸುಪಾಸು, ಆರ್‌ಒ ಬಿಟ್ಟ ನೀರು 1500 ಹತ್ತಿರ. ಲೆಕ್ಕ ಸರಳ: ಶುದ್ಧ ನೀರು ಒಂದು ಕಡೆ ಹೋದ್ರೆ ಅದರ ಉಪ್ಪೆಲ್ಲ ಇನ್ನೊಂದು ಕಡೆ ಸೇರುತ್ತೆ. ಗಡಸು ನೀರಿನ ಬೈಕಾರ್ಬನೇಟ್ ತಿಂಗಳುಗಟ್ಟಲೆ ಸೇರಿ ಮಣ್ಣನ್ನ ಕ್ಷಾರ ಮಾಡಿತ್ತು. ಕುಂಡದ ಅಂಚಲ್ಲಿ ಬಿಳೀ ಪೊರೆ ಕಟ್ಟಿದ್ದನ್ನ ದಿನಾ ನೋಡ್ತಿದ್ದೆ, ಅರ್ಥ ಆಗಿರಲಿಲ್ಲ. ಮೇಲೆ ಡಿಎಪಿ. ಅದರ ರಂಜಕ ಅತಿಯಾದ್ರೆ ಇದ್ದಬದ್ದ ಕಬ್ಬಿಣವನ್ನೂ ಹಿಡಿದಿಟ್ಟುಬಿಡುತ್ತೆ.

ಊರಲ್ಲಿ ಈ ಗಿಡ ಬೆಳೆದದ್ದು ಜಂಬಿಟ್ಟಿಗೆ ಮಣ್ಣಲ್ಲಿ. ಜೋರು ಮಳೆ ತೊಳೆದು ತೊಳೆದು ಹುಳಿಯಾದ ಮಣ್ಣು ಅದು. ಅಮ್ಮ ಕಬ್ಬಿಣದ ಹೆಸರನ್ನೇ ಎತ್ತಿದವರಲ್ಲ. ಎತ್ತೋ ಅಗತ್ಯ ಅಲ್ಲಿರಲಿಲ್ಲ.

ಸರಿಮಾಡಿದ್ದು ಹೇಗೆ

ಮೊದಲು ಎಲ್ಲ ಗೊಬ್ಬರ ನಿಲ್ಲಿಸಿದೆ. ಎರಡನೇದು, ಕುಂಡ ತೊಳೆದೆ. ಕುಂಡದ ಗಾತ್ರದ ಎರಡು ಮೂರು ಪಟ್ಟು ಒಳ್ಳೇ ನೀರನ್ನ ನಿಧಾನಕ್ಕೆ ಮೇಲಿಂದ ಹಾಕಿ, ತಳದ ತೂತಿಂದ ಹರಿದು ಹೋಗೋಕೆ ಬಿಟ್ಟೆ. ಬುಡದ ತಟ್ಟೆಯಲ್ಲಿ ನಿಂತ ನೀರನ್ನ ಚೆಲ್ಲಿಬಿಡಿ, ಇಲ್ಲಾಂದ್ರೆ ಆ ಉಪ್ಪು ವಾಪಸ್ ಒಳಗೆ ಹೋಗುತ್ತೆ. ಮೂರನೇದು, ನೀರು ಬದಲಿಸಿದೆ. ಏಸಿಯಿಂದ ತೊಟ್ಟಿಕ್ಕೋ ನೀರಲ್ಲಿ ಉಪ್ಪು ಬಹಳ ಕಮ್ಮಿ, ಅದನ್ನ ಹಿಡಿದಿಟ್ಟೆ. ಜೂನ್ ಬಂದ ಮೇಲೆ ಮಳೆ ನೀರು.

ನಾಲ್ಕನೇದು, ಕೀಲೇಟ್ ಮಾಡಿದ ಕಬ್ಬಿಣ, ಪ್ಯಾಕೆಟ್ಟಿನ ಮೇಲಿನ ಅಳತೆಯಲ್ಲೇ. ಇಲ್ಲಿ ಒಂದು ಸೂಕ್ಷ್ಮ ಇದೆ. ಅಂಗಡಿಯಲ್ಲಿ ಸುಲಭವಾಗಿ ಸಿಗೋ ಇಡಿಟಿಎ ನಮೂನೆ ಕ್ಷಾರ ಮಣ್ಣಲ್ಲಿ ಹೆಚ್ಚು ಹೊತ್ತು ನಿಲ್ಲಲ್ಲ. ಅದನ್ನ ಎಲೆಗೆ ಸಿಂಪಡಿಸಿ. ಮಣ್ಣಿಗೆ ಹಾಕೋದಾದ್ರೆ ಇಡಿಡಿಎಚ್‌ಎ ಅಂತ ಬರೆದಿರೋದನ್ನ ತಗೊಳ್ಳಿ. ಮಣ್ಣಲ್ಲಿ ಮೊಳೆ ಹೂತಿಡೋದ್ರಿಂದ ಈ ಕೊರತೆ ನೀಗಲ್ಲ, ಅಲ್ಲಿ ಕಬ್ಬಿಣಕ್ಕೇನೂ ಬರ ಇಲ್ಲ.

ಐದನೇದು ಕಷ್ಟದ್ದು: ಎರಡು ವಾರ ಕಾಯೋದು. ಸುಟ್ಟ ಅಂಚು ಮತ್ತೆ ಹಸಿರಾಗಲ್ಲ, ಅದನ್ನ ನೋಡ್ಕೊಂಡು ಕೂರಬೇಡಿ. ಮುಂದೆ ಬರೋ ಚಿಗುರು ಹೇಗಿದೆ ನೋಡಿ. ನನ್ನದರಲ್ಲಿ ಮೂರನೇ ವಾರ ಬಂದ ಜೋಡಿ ಎಲೆ ಹಸಿರಾಗಿತ್ತು. ಆ ಬೇಸಿಗೆಯ ಹೂ ಪೂರ್ತಿ ಹೋಯ್ತು. ಮುಂದಿನ ಮಾರ್ಚಿನಲ್ಲಿ ಒಂದು ಬೊಗಸೆ ಮೊಗ್ಗು ಬಿಡಿಸಿ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅವರು ಕೇಳಿದ್ದು ಒಂದೇ: "ದಾರ ಉಂಟಾ ಮನೆಯಲ್ಲಿ?"

ನಿಮ್ಮ ಗಿಡದ ಬಗ್ಗೆ ಕಮೆಂಟಲ್ಲಿ ಕೇಳೋದಾದ್ರೆ ನಾಲ್ಕು ವಿಷಯ ಬರೆಯಿರಿ: ಹಳದಿ ಆಗಿರೋದು ಹಳೇ ಎಲೆಯಾ ಹೊಸದಾ, ನರದ ಬಣ್ಣ ಏನು, ಎಲ್ಲಿಯ ನೀರು ಹಾಕ್ತೀರಿ, ಹೋದ ಒಂದು ತಿಂಗಳಲ್ಲಿ ಏನೇನು ಹಾಕಿದ್ರಿ. ಕೊನೇದನ್ನ ಮುಚ್ಚಿಡಬೇಡಿ. ನಾನೂ ಹಾಕಿದವನೇ.